ಬಲಗಡೆಯ ಬಾಣ

"ನಗಬಾರದು ನೀನು" ಎಂದರು ಚಿಕ್ಕಮ್ಮ, ಅಂಗಿಯ ಮೇಲಿನ ಗುಂಡಿಗೆ ಕೈ ಹಾಕಿಕೊಂಡು.

"ನಾನ್ಯಾಕೆ ನಗ್ಲಿ? ದಿನಾ ಇದೇ ಕೆಲಸ ಅಲ್ವಾ ನಂದು" ಎಂದಳು ಪುಟ್ಟಿ.

ಅದು ಸ್ಕ್ಯಾನಿಂಗ್ ಸೆಂಟರಿನ ಒಳಕೋಣೆ. ಕಿಟಕಿಯಿಲ್ಲ. ಒಂದು ಬದಿ ಗೋಡೆಗೆ ಅಂಟಿಕೊಂಡ ಮಂಚ, ಇನ್ನೊಂದು ಬದಿಗೆ ಗಾಲಿಗಳ ಮೇಲೆ ನಿಂತ ಮಷಿನ್, ಅದರ ಮುಂದೆ ಪುಟ್ಟಿಯ ಗುಂಡು ಸ್ಟೂಲು. ಬಿಸಿನೀರಿನ ಮಗ್ಗಿನಲ್ಲಿ ಜೆಲ್ ಬಾಟಲಿ ತಲೆಕೆಳಗಾಗಿ ನಿಂತಿತ್ತು. ಶನಿವಾರದ ಊಟದ ಹೊತ್ತು. ಹೊರಗೆ ಕೌಂಟರಿನವಳು ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಈ ಹೊತ್ತನ್ನು ಚಿಕ್ಕಮ್ಮ ತಾವೇ ಆರಿಸಿಕೊಂಡಿದ್ದರು. ಹೊರಗಿನ ಬೆಂಚಿನ ಮೇಲೆ ಯಾರೂ ಅವರನ್ನು ನೋಡಬಾರದಿತ್ತು.

ನೋಡಿದರೆ ಗುರುತು ಹಿಡಿಯದವರು ಕಡಿಮೆ. ಚಿಕ್ಕಮ್ಮ ಹೆಣ್ಣುಮಕ್ಕಳ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್. ಬೆಳಿಗ್ಗೆ ಗೇಟಿನಲ್ಲಿ ನಿಂತು ಉಗುರು, ಲಂಗದ ಉದ್ದ, ತುಟಿ ಎಲ್ಲ ನೋಡಿಯೇ ಹುಡುಗಿಯರನ್ನು ಒಳಗೆ ಬಿಡುವವರು. ಬಣ್ಣ ಕಂಡರೆ ತಮ್ಮ ಕರ್ಚೀಫಿನಿಂದಲೇ ಒರೆಸಿ, "ಹುಟ್ಟುವಾಗ ಬಂದ ಮುಖ ಸಾಲ್ದಾ ನಿನಗೆ?" ಎನ್ನುವವರು. ಚಿಕ್ಕಪ್ಪ ತೀರಿಕೊಂಡ ಮೇಲೆ ಅಕ್ಕನ ಮನೆಗೇ ಬಂದು ಸೇರಿದ್ದರು. ಮೂರನೇ ಮಹಡಿಯ ಆ ಮನೆಯಲ್ಲಿ ಅಮ್ಮ, ಚಿಕ್ಕಮ್ಮ, ಮೂವತ್ತು ದಾಟಿದರೂ ಇನ್ನೂ ಪುಟ್ಟಿಯೇ ಆಗಿ ಉಳಿದ ಪುಟ್ಟಿ, ಮೂವರಿಗೆ ಒಂದು ಬಚ್ಚಲುಮನೆ.

"ಒಂದು ವಿಷಯ ಹೇಳ್ಬೇಕು. ನಿನ್ನ ಅಮ್ಮನ ಕಿವಿಗೆ ಬೀಳ್ಬಾರದು. ಅವಳ ಬಾಯಿಗೆ ಬಿದ್ರೆ ಬೀದಿಗೆ ಬಿದ್ದ ಹಾಗೆ."

"ಹೇಳಿ ಚಿಕ್ಕಮ್ಮ."

"ಇದು ನನ್ನದಲ್ಲ" ಎಂದರು ಅವರು, ಗದ್ದದಿಂದ ಎದೆಯ ಕಡೆಗೆ ತೋರಿಸಿ.

"ಯಾವುದು?"

"ಎರಡೂ."

ಆಗ ಪುಟ್ಟಿ ನಕ್ಕುಬಿಟ್ಟಳು. ಬೇಕೆಂದು ನಕ್ಕದ್ದಲ್ಲ. ಸೀನು ಬಂದ ಹಾಗೆ, ತಡೆಯುವ ಮೊದಲೇ ಆಚೆ ಬಂದಿತ್ತು. ಆ ದನಿ, ಆ ಗದ್ದ, ಸಿಕ್ಕಿದ ಛತ್ರಿ ನನ್ನದಲ್ಲ ಎಂದು ಯಾರೋ ವರದಿ ಒಪ್ಪಿಸಿದ ಹಾಗೆ. ನಗು ಅರ್ಧದಲ್ಲೇ ನಿಂತಿತು.

ಚಿಕ್ಕಮ್ಮನ ಕಿವಿ ಕೆಂಪಗಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪರದೆಯ ಹಿಂದೆ ಹೋಗಿ ಅಂಗಿ ತೆಗೆದು ಮಡಚಿಟ್ಟು, ಟವೆಲ್ ಹೊದ್ದು ಬಂದು, ಮಂಚದ ಮೇಲೆ ತಿರುಗಾಮುರುಗಾ ಮಲಗಿದರು: ದಿಂಬಿದ್ದ ಕಡೆಗೆ ಕಾಲು, ಕಾಲಿನ ಕಡೆಗೆ ತಲೆ. ಮುಖವನ್ನು ಪುಟ್ಟಿಯ ಆಚೆ ಗೋಡೆಗೆ ತಿರುಗಿಸಿ, ಟವೆಲ್ಲಿನ ಒಂದು ಅಂಚನ್ನು ಕಣ್ಣಿನವರೆಗೆ ಎಳೆದುಕೊಂಡರು.

"ಚಿಕ್ಕಮ್ಮ, ತಲೆ ಆ ಕಡೆ..."

"ಹೀಗೇ ಮಾಡು. ನನಗೆ ಆ ಟೀವಿನೂ ಕಾಣ್ಬಾರದು, ನೀನೂ ಕಾಣ್ಬಾರದು."

ಬೇರೆ ಯಾರಾದರೂ ಆಗಿದ್ದರೆ ಪುಟ್ಟಿ ಎಬ್ಬಿಸಿ ಸರಿಯಾಗಿ ಮಲಗಿಸುತ್ತಿದ್ದಳು. ಅದು ಇಲ್ಲಿನ ಮೊದಲ ನಿಯಮ. ಈಗ ಬಾಯಿ ಬರಲಿಲ್ಲ. ಮಷಿನ್ನನ್ನೇ ಕಾಲಿನ ಕಡೆಗೆ ಉರುಳಿಸಿಕೊಂಡು ಹೋದಳು.

"ನೋವು ಯಾವ ಕಡೆ?"

"ನೋಡಿದ್ರೆ ಗೊತ್ತಾಗಲ್ವಾ? ಮತ್ತೆ ಮಷಿನ್ ಯಾಕಿದೆ?" ಎಂದಿತು ಟವೆಲ್.

ಪುಟ್ಟಿ ಜೆಲ್ ಹಾಕಿದಳು. ಕೈಯಿಂದ ಒತ್ತಿ ನೋಡಬೇಕಿತ್ತು. ಗಟ್ಟಿಯಾಗಿದೆಯೇ, ಯಾವುದು ಹೆಚ್ಚು ಗಟ್ಟಿ ಎಂದು. ಅವಳ ಕೈಗೆ ಜಡೆ ಹಾಕುವುದನ್ನು ಕಲಿಸಿದ ದೇಹ ಅದು. ಒತ್ತಲಿಲ್ಲ. ಮೈಮೇಲೆ ಓಡಿಸುವ ಪ್ರೋಬನ್ನಷ್ಟೇ ಇಟ್ಟಳು, ತನಗೂ ಚಿಕ್ಕಮ್ಮನಿಗೂ ನಡುವೆ ಒಂದು ಪ್ಲಾಸ್ಟಿಕ್ ಇರಲಿ ಎಂಬಂತೆ.

ಎದೆಯೊಳಗೆ ಇಟ್ಟ ಸಿಲಿಕಾನ್ ಚೀಲ, ಅಂದರೆ ಇಂಪ್ಲಾಂಟ್, ಚೆನ್ನಾಗಿದ್ದರೆ ತೆರೆಯ ಮೇಲೆ ಕಪ್ಪು ಕೆರೆಯ ಹಾಗೆ ಕಾಣುತ್ತದೆ. ಅಲೆಯಿಲ್ಲ, ಸುತ್ತ ಒಂದು ಬಿಳಿ ದಡ. ದಡದಿಂದ ಒಳಕ್ಕೆ ಒಂದೆರಡು ನೆರಿಗೆ ಇಳಿದಿದ್ದರೆ ಗಾಬರಿಯಾಗಬೇಕಿಲ್ಲ, ಅದು ಚೀಲ ಮಡಚಿಕೊಂಡದ್ದು. ಚೀಲವೇ ಒಡೆದು ಸಿಲಿಕಾನಿನೊಳಗೆ ಕುಸಿದರೆ ಅಡ್ಡಡ್ಡ ಬಿಳಿ ಗೆರೆಗಳು ಒಂದರ ಕೆಳಗೊಂದು ತೇಲುತ್ತವೆ, ದಡಕ್ಕೆ ಅಂಟದೆ. ಈ ಕೆಲಸದವರು ಅದಕ್ಕೆ ಏಣಿ ಎನ್ನುತ್ತಾರೆ. ಇನ್ನೂ ಕೆಟ್ಟದ್ದೆಂದರೆ ಸಿಲಿಕಾನ್ ಆಚೆ ಸೋರಿ ಕಂಕುಳಿನ ಗಂಟುಗಳಿಗೆ ಸೇರುವುದು. ಆಗ ತೆರೆಯೆಲ್ಲ ಹಿಮ ಬಿದ್ದ ಹಾಗೆ ಬೆಳ್ಳಗಾಗುತ್ತದೆ.

ಹತ್ತಿರದ ಕಡೆ ಏಣಿ ಇತ್ತು. ಗೋಡೆಯ ಕಡೆಯದು ಬರೀ ಕೆರೆ. ಎರಡು ಕಂಕುಳಲ್ಲೂ ಹಿಮವಿಲ್ಲ.

ಪುಟ್ಟಿ ಅವಸರ ಮಾಡಲಿಲ್ಲ. ನೆರಿಗೆಯನ್ನು ಏಣಿ ಎಂದುಕೊಂಡು ಸುಮ್ಮನೆ ಕೊಯ್ಯಿಸಿಕೊಂಡವರಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಪ್ರತಿ ಗೆರೆಯನ್ನೂ ತುದಿಯವರೆಗೆ ಹಿಂಬಾಲಿಸಿ, ದಡ ಮುಟ್ಟುತ್ತದೆಯೇ ಎಂದು ನೋಡಿದಳು. ಮುಟ್ಟಲಿಲ್ಲ. ಏಣಿಯೇ. ಒಂದು ಕ್ಷಣ ತನ್ನ ಕೆಲಸದ ಬಗ್ಗೆ ಖುಷಿಯೂ ಆಯಿತು. ಚಿತ್ರವನ್ನು ನಿಲ್ಲಿಸಿ, ಕೆಳಗಿನ ಮೂಲೆಯಲ್ಲಿ "ಬಲ" ಎಂದು ಒತ್ತಿ, ಚಲಿಸುವ ವಿಡಿಯೊ ತುಣುಕೊಂದನ್ನು ಉಳಿಸಿಕೊಂಡಳು. ಬೆರಳು ತಾನಾಗಿ ಒತ್ತಿತು. ಈ ಕೋಣೆಯಲ್ಲಿ ಸ್ಟೂಲಿಗೆ ಹತ್ತಿರದ್ದು ಬಲ, ಗೋಡೆಯ ಕಡೆಯದು ಎಡ. ಇಷ್ಟು ವರ್ಷ ಮಲಗಿ ಎದ್ದುಹೋದ ಎಲ್ಲರಿಗೂ ಅದೇ ದಿಕ್ಕು.

"ದೊಡ್ಡ ಡಾಕ್ಟರು ಬಂದು ಒಂದ್ಸಲ ನೋಡ್ಬೇಕು ಚಿಕ್ಕಮ್ಮ. ಪದ್ಧತಿ."

"ಗಂಡಸು ಒಳಗೆ ಬಂದ್ರೆ ನಾನು ಹೀಗೇ ಎದ್ದು ಬಸ್‌ಸ್ಟಾಪಿಗೆ ಹೋಗ್ತೀನಿ."

ಬಸ್‌ಸ್ಟಾಪಿನ ಚಿತ್ರ ಕಣ್ಣಿಗೆ ಬಂತು. ಈ ಸಲ ನಗು ಬರಲಿಲ್ಲ. "ಸರಿ, ಚಿತ್ರ ನೋಡೇ ಬರೀತಾರೆ ಬಿಡಿ" ಎಂದಳು.

ಚಿಕ್ಕಮ್ಮ ಅಂಗಿ ಹಾಕಿಕೊಂಡು ಬಂದಾಗ ಮತ್ತೆ ಹೆಡ್‌ಮಿಸ್ಟ್ರೆಸ್ ಆಗಿದ್ದರು. "ಫಲಿತಾಂಶ ಹೇಳು."

"ಒಂದು ಒಡೆದಿದೆ. ಸಿಲಿಕಾನ್ ಒಳಗೇ ಇದೆ, ಆಚೆ ಸೋರಿಲ್ಲ. ತೆಗೆಸ್ಬೇಕಾಗುತ್ತೆ."

"ಯಾವುದು?"

"ಬಲಗಡೆಯದು."

ಚಿಕ್ಕಮ್ಮನ ಕೈ ಎಡಭುಜದ ಕೆಳಗೆ ಹೋಗಿ, ಅಲ್ಲಿ ಏನೋ ಮರೆತ ಹಾಗೆ ನಿಂತು, ಕೆಳಗಿಳಿಯಿತು. "ಬಲಗಡೆಯದಾ?"

"ಹೂಂ."

"ಸರಿ" ಎಂದರು ಅವರು. ಬಾಗಿಲಲ್ಲಿ ತಿರುಗಿ, "ಜೆಲ್ ತಣ್ಣಗಿರ್ಲಿಲ್ಲ. ಒಳ್ಳೇದಾಯ್ತು" ಎಂದು ಹೊರಟುಹೋದರು.

*

ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಎದುರುಮನೆಯ ಸೊಸೆಯ ಸುದ್ದಿ ತೆಗೆದಳು.

"ಮುಖಕ್ಕೆ ಅದೇನೋ ಸೂಜಿ ಹಾಕಿಸ್ಕೊಂಡು ಬಂದಿದಾಳೆ ಕಣೇ. ಲಿಫ್ಟಲ್ಲಿ ಸಿಕ್ಳು. ನಗ್ತಿದಾಳೋ ಅಳ್ತಿದಾಳೋ ಒಂದೂ ತಿಳೀಲಿಲ್ಲ. ಇಸ್ತ್ರಿ ಮಾಡಿದ ಹಾಗಿದೆ. ನಮ್ಮ ದೊಡ್ಡ ಮೇಡಂ ಆಗಿದ್ರೆ ಲಿಫ್ಟಲ್ಲೇ ತಡೆದು ಕರ್ಚೀಫಲ್ಲಿ ಒರೆಸಿಬಿಡೋರು" ಎಂದು ತಂಗಿಯ ಕಡೆ ನೋಡಿದಳು.

ಚಿಕ್ಕಮ್ಮ ನಕ್ಕರು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ. ಪುಟ್ಟಿ ತಟ್ಟೆ ನೋಡಿದಳು. ಈಗ ಅವಳಿಗೆ ಈ ಮನೆಯ ಸಣ್ಣಪುಟ್ಟ ಸಂಗತಿಗಳೆಲ್ಲ ಅರ್ಥವಾಗುತ್ತಿದ್ದವು. ಚಿಕ್ಕಮ್ಮನ ಒಳಉಡುಪು ಎಂದೂ ಬಾಲ್ಕನಿಯ ಹಗ್ಗದ ಮೇಲೆ ಕಾಣುತ್ತಿರಲಿಲ್ಲ. ತಮ್ಮ ಕೋಣೆಯಲ್ಲಿ ಕುರ್ಚಿಯ ಬೆನ್ನಿಗೆ ಹರವಿ, ಮೇಲೆ ದಿಂಬಿನ ಚೀಲ ಮುಚ್ಚಿ ಒಣಗಿಸುತ್ತಿದ್ದರು. ಅಮ್ಮ ತಬ್ಬಿಕೊಳ್ಳಲು ಬಂದರೆ ಪಕ್ಕಕ್ಕೆ ತಿರುಗುತ್ತಿದ್ದರು. ಅದನ್ನೆಲ್ಲ ಮನೆಮಂದಿ ಶಿಸ್ತು ಎಂದುಕೊಂಡಿದ್ದರು.

"ಚಿಕ್ಕವಳಿದ್ದಾಗ ಇವಳಿಗೆ ನಾನು ಕಡ್ಡಿ ಅಂತ ಕರೀತಿದ್ದೆ. ಗಾಳಿ ಬಂದ್ರೆ ಕೈ ಹಿಡ್ಕೋತಿದ್ದೆ, ಹಾರಿಹೋಗ್ತಾಳೆ ಅಂತ" ಎಂದಳು ಅಮ್ಮ.

"ಅಕ್ಕಾ, ಅನ್ನ ತಣ್ಣಗಾಗ್ತಿದೆ" ಎಂದರು ಚಿಕ್ಕಮ್ಮ.

ಮುಂದಿನ ವಾರದಲ್ಲಿ ಎಲ್ಲವೂ ಸದ್ದಿಲ್ಲದೆ ನಡೆದುಹೋಯಿತು. ದೊಡ್ಡ ಡಾಕ್ಟರು ಚಿತ್ರಗಳನ್ನು ನೋಡಿ ವರದಿಗೆ ಸಹಿ ಹಾಕಿದರು. ಚಿಕ್ಕಮ್ಮ ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸು ಸರ್ಜನ್ನನ್ನು ಹುಡುಕಿಕೊಂಡರು. ಎರಡೂ ಕಡೆ ಒಟ್ಟಿಗೆ ಬದಲಾಯಿಸಿಬಿಡೋಣ ಎಂದು ಸರ್ಜನ್ ಹೇಳಿದಾಗ ಇವರು ಒಪ್ಪಲಿಲ್ಲ. "ಎರಡು ಕಡೆ ಕೊಯ್ದರೆ ಕೈ ಎತ್ತೋಕಾಗಲ್ಲ. ಅಕ್ಕನ ಕೈಲೇ ತಲೆ ಬಾಚಿಸ್ಕೊಬೇಕಾಗುತ್ತೆ. ಅವಳು ಬಾಚಣಿಗೆ ಹಿಡಿದ್ರೆ ಪ್ರಶ್ನೆ ಕೇಳ್ದೆ ಬಿಡಲ್ಲ" ಎಂದು ಪುಟ್ಟಿಗೆ ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ಅಕ್ಕನಿಗೆ ಹೇಳಿದ್ದು ಪಕ್ಕದ ಊರಿನಲ್ಲಿ ಹೆಡ್‌ಮಿಸ್ಟ್ರೆಸ್‌ಗಳ ತರಬೇತಿ ಶಿಬಿರ ಎಂದು. ಗುರುವಾರ ಬೆಳಿಗ್ಗೆ ಸಣ್ಣ ಸೂಟ್‌ಕೇಸ್ ಹಿಡಿದು, ಶಾಲೆಯ ಅಂಗಿಯನ್ನೇ ಹಾಕಿಕೊಂಡು ಹೊರಟರು. ಅಮ್ಮ ಬಾಗಿಲಲ್ಲಿ ನಿಂತು, "ಪಾಠ ಚೆನ್ನಾಗಿ ಕೇಳು, ಹಿಂದಿನ ಬೆಂಚಲ್ಲಿ ಕೂತು ಮಾತಾಡ್ಬೇಡ" ಎಂದು ಕಳಿಸಿದಳು.

*

ಅದೇ ಬೆಳಿಗ್ಗೆ, ಚಹಾದ ಹೊತ್ತಿಗೆ, ದೊಡ್ಡ ಡಾಕ್ಟರು ಲೋಟ ಹಿಡಿದು ಪುಟ್ಟಿಯ ಕೋಣೆಗೆ ಬಂದರು. ಹಿಂದೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ.

"ಆ ಶನಿವಾರದ ಏಣಿ ತೆಗಿಯಮ್ಮ. ಇವಳಿಗೆ ತೋರಿಸೋಣ. ಪುಸ್ತಕದಲ್ಲಿ ಇಷ್ಟು ಚೆನ್ನಾಗಿರಲ್ಲ."

ಪುಟ್ಟಿ ತುಣುಕು ಹಾಕಿದಳು. ಕಪ್ಪಿನಲ್ಲಿ ಬಿಳಿ ಗೆರೆಗಳು ಮೆಲ್ಲಗೆ ತೂಗಿದವು.

"ನೋಡು, ಒಂದು ಮೆಟ್ಲೂ ದಡ ಮುಟ್ಟಿಲ್ಲ. ಹತ್ತಿಕೊಂಡು ಅಟ್ಟಕ್ಕೆ ಹೋಗ್ಬಹುದು" ಎಂದರು ದೊಡ್ಡ ಡಾಕ್ಟರು. ಚಹಾ ಹೀರಿದರು. ತುಣುಕು ಮುಗಿದು ಮತ್ತೆ ಮೊದಲಿಂದ ಶುರುವಾಯಿತು. "ಇರು. ಕೆಳಗೆ ನೋಡು. ಪಕ್ಕೆಲುಬಿನ ಹಿಂದೆ ಏನದು ಬಡ್ಕೊಳ್ತಿರೋದು?"

ತೆರೆಯ ಅಡಿಯಲ್ಲಿ ಬೂದುಬಣ್ಣದ ಏನೋ ಒಂದು ತಾಳ ಹಾಕುತ್ತಿತ್ತು.

"ಹೃದಯ ಅಲ್ವಾ ಸರ್?" ಎಂದಳು ಹೊಸಬಳು.

"ಭೇಷ್. ಯಾವ ಕಡೆ ಅಂತ ಬರೆದಿದೆ?"

"ಬಲ, ಸರ್."

"ನೋಡಿದ್ಯಾ. ಈಯಮ್ಮನ ಹೃದಯ ಬಲಗಡೆ ಇದೆ. ಇಂಥ ಅಪರೂಪದವರು ಬಂದಾಗ ನಮಗೂ ಒಂದು ಮಾತು ಹೇಳೋದಲ್ವೇನಮ್ಮ?"

ಹೊಸಬಳು ನಕ್ಕಳು. ದೊಡ್ಡ ಡಾಕ್ಟರೂ ನಕ್ಕರು. ಅವರ ನಗು ನಡುವೆಯೇ ನಿಧಾನವಾಗಿ ಆರಿತು. ಪುಟ್ಟಿಯ ಮುಖವನ್ನೊಮ್ಮೆ, ತೆರೆಯನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಪುಟ್ಟಿ ಎದ್ದು, "ಬಂದೆ ಸರ್" ಎಂದು ಹೊರಗೆ ಹೋಗಿಯಾಗಿತ್ತು.

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ನಿಂತಳು. ದಿಂಬಿನ ಮೇಲೆ ಎರಡು ಪಾದ. ಗೋಡೆಗೆ ತಿರುಗಿದ ಮುಖ. ತಲೆ ಅತ್ತಿತ್ತ ಆದರೆ ಬಲ ಎಡವೂ ಅತ್ತಿತ್ತ ಆಗುತ್ತದೆ, ಹತ್ತಿರ ಇದ್ದದ್ದು ಚಿಕ್ಕಮ್ಮನ ಎಡಗಡೆ ಎಂದು ತಿಳಿಯಲು ಯಾವ ಓದೂ ಬೇಕಿರಲಿಲ್ಲ; ಮಗುವಿಗೂ ಹೊಳೆಯುವಂಥದ್ದು. ಅವಳಿಗೆ ಹೊಳೆದಿರಲಿಲ್ಲ. ಅವಳು ನಕ್ಕಿದ್ದಳು, ಆಮೇಲೆ ನಾಚಿಕೊಂಡಿದ್ದಳು, ನಾಚಿಕೆಯಲ್ಲಿ ಒಂದೊಂದನ್ನೇ ಬಿಡುತ್ತಾ ಹೋಗಿದ್ದಳು: ಎಬ್ಬಿಸಿ ಮಲಗಿಸುವುದನ್ನು, ಕೈಯಿಂದ ಮುಟ್ಟುವುದನ್ನು, ಎರಡನೇ ಸಲ ಕೇಳುವುದನ್ನು, ಡಾಕ್ಟರನ್ನು ಕರೆಯುವುದನ್ನು. ಈಗ ಊರಿನ ಆ ತುದಿಯಲ್ಲಿ ಚಿಕ್ಕಮ್ಮನ ಚೆನ್ನಾಗಿರುವ ಕಡೆಯನ್ನು ಕೊಯ್ಯಲು ಚಾಕು ತೊಳೆಯುತ್ತಿದ್ದರು.

ಆಸ್ಪತ್ರೆಗೆ ಫೋನ್ ಮಾಡಿದಳು. ಆಗಲೂ ಮೊದಲು ತಯಾರಾದದ್ದು ಸುಳ್ಳೇ.

"ಸ್ಕ್ಯಾನಿಂಗ್ ಸೆಂಟರಿಂದ. ನಿಮ್ಮಲ್ಲಿ ಇವತ್ತು ಇಂಪ್ಲಾಂಟ್ ಆಪರೇಷನ್ ಇರೋರದ್ದು ಒಂದು ವರದಿ, ಟೈಪ್ ಮಾಡೋವಾಗ ಒಂದು ತಪ್ಪಾಗಿದೆ. ಬಲ ಅಲ್ಲ, ಎಡ."

"ಒಂದು ನಿಮಿಷ" ಎಂದಳು ನರ್ಸ್. ಕಾಗದ ಸರಿದ ಸದ್ದು. "ಅವರನ್ನ ಆಗ್ಲೇ ತಯಾರು ಮಾಡ್ತಿದಾರೆ. ಸರ್ಜನ್‌ಗೆ ಹೇಳ್ಬೇಕು. ನೀವು ಯಾರು ಮಾತಾಡ್ತಿರೋದು?"

ಪುಟ್ಟಿ ಬಾಯಿ ತೆರೆದಳು.

"ಹಲೋ? ಯಾರು ನೀವು? ಸ್ಕ್ಯಾನ್ ಮಾಡಿದವರಾ?"

ಅವಳ ಹೆಬ್ಬೆರಳು ಫೋನ್ ಕಟ್ ಮಾಡಿತು. ಶನಿವಾರ "ಬಲ" ಒತ್ತಿದ ಹಾಗೆಯೇ, ತಾನಾಗಿ. ಕನ್ನಡಿಯಲ್ಲಿ ತನ್ನ ಮುಖ ಕಂಡು ಅವಳಿಗೆ ಅಸಹ್ಯವಾಯಿತು. ಹೇಳಿದ್ದೇನೆ, ಸಾಕು, ಅವರೇ ನೋಡಿಕೊಳ್ಳುತ್ತಾರೆ ಎಂದು ಆ ಮುಖ ಹೇಳುತ್ತಿತ್ತು. ಹೆಸರಿಲ್ಲದ ಫೋನನ್ನು ನಂಬಿ ಯಾರು ಚಾಕು ಕೆಳಗಿಡುತ್ತಾರೆ ಎಂಬುದೂ ಆ ಮುಖಕ್ಕೆ ಗೊತ್ತಿತ್ತು.

ದೊಡ್ಡ ಡಾಕ್ಟರು ಅವಳ ಸ್ಟೂಲಿನ ಮೇಲೆ ಕೂತಿದ್ದರು. ಹೊಸಬಳನ್ನು ಹೊರಗೆ ಕಳಿಸಿದ್ದರು. ಚಹಾ ಆರಿತ್ತು.

"ಸರ್, ಅವರು ನನ್ನ ಚಿಕ್ಕಮ್ಮ."

"ತಲೆ ಯಾವ ಕಡೆ ಇತ್ತು?" ಎಂದರು ಅವರು.

"ಕಾಲಿನ ಕಡೆ."

ಅವರು ತಲೆಯಾಡಿಸಿ, ಕಿಸೆಯಲ್ಲಿ ಕಾರಿನ ಕೀಲಿ ಹುಡುಕಿದರು. "ಆಪರೇಷನ್ ಯಾವತ್ತು?"

"ಈಗ."

ದಾರಿಯುದ್ದಕ್ಕೂ ಅವರು ಬೈಯಲಿಲ್ಲ. ಅವರೇ ಆಸ್ಪತ್ರೆಗೆ ಫೋನ್ ಮಾಡಿ, ತಮ್ಮ ಹೆಸರು ಹೇಳಿ, ನಾವು ಬರುವವರೆಗೆ ಮುಟ್ಟಬೇಡಿ ಎಂದರು. ಒಂದು ಸಿಗ್ನಲ್ಲಿನಲ್ಲಿ ನಿಂತಾಗ, "ನಾನೂ ಏಣಿಯೊಂದನ್ನೇ ನೋಡಿದೆ ನೋಡು. ಅದರ ಕೆಳಗೆ ಹೃದಯ ಬಡ್ಕೊಳ್ತಾ ಕೂಗ್ತಿತ್ತು. ಸಹಿ ಹಾಕಿದ ಕೈ ಇದು" ಎಂದು ಸ್ಟಿಯರಿಂಗಿನಿಂದ ಬಲಗೈ ಎತ್ತಿ ನೋಡಿಕೊಂಡರು. ಪುಟ್ಟಿ ಕಿಟಕಿಯ ಆಚೆ ನೋಡಿದಳು. ಅವರು ಬೈದಿದ್ದರೆ ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯುತ್ತಿತ್ತು.

*

ಚಿಕ್ಕಮ್ಮ ಹಸಿರು ಗೌನಿನಲ್ಲಿ, ತಲೆಗೆ ಕಾಗದದ ಟೋಪಿ ಹಾಕಿಕೊಂಡು, ಚಕ್ರದ ಮಂಚದ ಮೇಲೆ ಕೂತಿದ್ದರು. ಟೋಪಿಯಲ್ಲಿ ಅವರು ಯಾರೋ ಸಣ್ಣ ಹುಡುಗಿಯ ಹಾಗೆ ಕಂಡರು. ಗೌನಿನ ಕೊರಳ ಹತ್ತಿರ, ಬಲಗಡೆ, ನೇರಳೆ ಬಣ್ಣದ ಬಾಣದ ಬಾಲ ಇಣುಕುತ್ತಿತ್ತು. ಯಾವ ಕಡೆ ಎಂಬುದು ತಪ್ಪಬಾರದೆಂದು ಸರ್ಜನ್ ತಮ್ಮ ಕೈಯಾರೆ ಬರೆದದ್ದು.

ಪುಟ್ಟಿಯನ್ನು, ಅವಳ ಹಿಂದೆ ಗಂಡಸನ್ನು ಕಂಡು ಚಿಕ್ಕಮ್ಮ ಗೌನನ್ನು ಗದ್ದದವರೆಗೆ ಎಳೆದುಕೊಂಡರು.

"ಯಾರು ಮಾಡಿದ್ದು ಈ ಸ್ಕ್ಯಾನ್?" ಎಂದು ಕೇಳಿದರು ಸರ್ಜನ್. ಎತ್ತರದ ಹೆಂಗಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಗುರುತು.

"ಸಹಿ ನನ್ನದು" ಎಂದರು ದೊಡ್ಡ ಡಾಕ್ಟರು.

"ನಾನು ಮಾಡಿದ್ದು" ಎಂದಳು ಪುಟ್ಟಿ. ದನಿ ಸಣ್ಣಗಿತ್ತು, ಇನ್ನೊಮ್ಮೆ ಹೇಳಬೇಕಾಯಿತು. "ನಾನೇ. ಒಡೆದಿರೋದು ಎಡಗಡೆ. ನಾನು ಬಲ ಅಂತ ಬರೆದೆ. ಬೆಳಿಗ್ಗೆ ಫೋನ್ ಮಾಡಿ ಕಟ್ ಮಾಡಿದ್ದೂ ನಾನೇ."

ಸರ್ಜನ್ ಏನೋ ಹೇಳಲು ಹೊರಟರು. ಮಂಚದ ಮೇಲಿಂದ ಶಾಲೆಯ ಪ್ರಾರ್ಥನೆಯ ಹೊತ್ತಿನ ದನಿ ಕೇಳಿತು.

"ಅವಳದ್ದೇನೂ ತಪ್ಪಿಲ್ಲ. ನಾನೇ ತಲೆಕೆಳಗೆ ಮಲಗಿದ್ದು. ಅವಳು ಬೇಡ ಅಂದ್ಳು, ನಾನು ಕೇಳ್ಲಿಲ್ಲ."

ಅದು ಪುಟ್ಟಿಗೆ ಎಲ್ಲಕ್ಕಿಂತ ಹೆಚ್ಚು ತಾಗಿತು. ಅವಳು ಬೇಡ ಅಂದಿರಲಿಲ್ಲ. ಅರ್ಧ ವಾಕ್ಯ ಹೇಳಿ ಬಿಟ್ಟಿದ್ದಳು. ಗೇಟಿನಲ್ಲಿ ಒಬ್ಬಳ ಉಗುರನ್ನೂ ಸುಮ್ಮನೆ ಬಿಡದ ಹೆಂಗಸು ತನಗಾಗಿ ಸುಳ್ಳು ಹೇಳುತ್ತಿದ್ದರು, ಟೋಪಿ ಹಾಕಿಕೊಂಡು, ಗೌನು ಹಿಡಿದುಕೊಂಡು.

"ನಾನು ನಿಮ್ಮನ್ನ ಕೇಳಿದ್ದೆನಲ್ಲ, ನೋವು ಎಲ್ಲಿ ಅಂತ" ಎಂದರು ಸರ್ಜನ್. "ಎರಡೂ ಕಡೆ ಸ್ವಲ್ಪ ಸ್ವಲ್ಪ ಅಂದ್ರಿ."

ಚಿಕ್ಕಮ್ಮ ಕಾಗದದ ಟೋಪಿ ಸರಿಮಾಡಿಕೊಂಡರು.

"ಎಡಗಡೆ ಅಂತ ನಿಮಗೆ ಗೊತ್ತಿತ್ತಾ ಚಿಕ್ಕಮ್ಮ?" ಎಂದಳು ಪುಟ್ಟಿ.

"ಗೊತ್ತಿಲ್ದೆ ಏನು. ಆ ಪಕ್ಕಕ್ಕೆ ಮಲಗಿ ಎಷ್ಟು ದಿನ ಆಯ್ತು."

"ಮತ್ತೆ ಹೇಳ್ಬಾರದಿತ್ತಾ?"

"ಮಷಿನ್ ಬಲ ಅಂದಮೇಲೆ ನಾನೇನು ಹೇಳ್ಲಿ?" ಅವರು ಗೌನಿನ ಲಾಡಿಯನ್ನು ಬೆರಳಿಗೆ ಸುತ್ತಿಕೊಂಡರು. "ಹೇಗೂ ನನ್ನದಲ್ಲದ್ದು. ಎಲ್ಲಿ ಒಡೆದಿದೆ ಅಂತ ಹೇಳೋಕೆ ನಾನ್ಯಾರು ಅನ್ನಿಸ್ತು."

ಮೂಲೆಯಲ್ಲಿ ನಿಂತಿದ್ದ ನರ್ಸ್ ಟ್ರೇ ಜೋಡಿಸುವಂತೆ ನಟಿಸಿದಳು.

ಇನ್ನೊಮ್ಮೆ ನೋಡದೆ ಮುಟ್ಟುವುದಿಲ್ಲ ಎಂದರು ಸರ್ಜನ್. ವಾರ್ಡಿನ ಸಣ್ಣ ಮಷಿನ್ ಬಂತು. ದೊಡ್ಡ ಡಾಕ್ಟರು ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದಾಗ ಚಿಕ್ಕಮ್ಮ ಅವರನ್ನು ನೋಡಿದರು. ಬಸ್‌ಸ್ಟಾಪಿಗೆ ಹೋಗುತ್ತೇನೆ ಎನ್ನಲಿಲ್ಲ.

"ನೀವು ನಿಂತು ನೋಡಿ ಡಾಕ್ಟ್ರೇ. ಮಾಡೋದು ನನ್ನ ಹುಡುಗಿಯೇ ಮಾಡ್ಲಿ."

"ಬೇಡ ಚಿಕ್ಕಮ್ಮ. ಸರ್ ಮಾಡ್ತಾರೆ" ಎಂದಳು ಪುಟ್ಟಿ.

"ತಪ್ಪು ಬರೆದವರೇ ತಿದ್ದಿ ಬರೀಬೇಕು. ನನ್ನ ಶಾಲೇಲಿ ಹಾಗೆ."

ಅವರು ಮಲಗಿದರು, ದಿಂಬಿನ ಮೇಲೆ ತಲೆಯಿಟ್ಟು, ಮುಖ ಮೇಲೆ ಮಾಡಿ. ಗೌನನ್ನು ತಾವೇ ಸರಿಸಿಕೊಂಡರು. ಕಣ್ಣು ಮುಚ್ಚಲಿಲ್ಲ. ಪುಟ್ಟಿ ಮೊದಲು ಕೈಯಿಟ್ಟಳು. ಶನಿವಾರ ಬಿಟ್ಟಿದ್ದನ್ನು ಈಗ ಮಾಡಿದಳು: ಎರಡೂ ಗಟ್ಟಿ, ಎಡ ಇನ್ನೂ ಗಟ್ಟಿ, ಹೊರಬದಿಗೆ ಒಂದು ಉಬ್ಬು. ಕೈಗೆ ಐದು ನಿಮಿಷವೂ ಬೇಕಿರಲಿಲ್ಲ. ಇಲ್ಲಿ ಜೆಲ್ ತಣ್ಣಗಿತ್ತು. ಚಿಕ್ಕಮ್ಮ ಒಮ್ಮೆ ನಡುಗಿದರು. ಪುಟ್ಟಿ ಪ್ರೋಬ್ ಇಟ್ಟಳು.

ಏಣಿ ಬಂತು. ಅದರ ಅಡಿಯಲ್ಲಿ, ಪಕ್ಕೆಲುಬಿನ ಹಿಂದೆ, ಬೂದುಬಣ್ಣದ ತಾಳ.

ಚಿಕ್ಕಮ್ಮ ಕತ್ತು ತಿರುಗಿಸಿ ತೆರೆಯನ್ನು ನೋಡಿದರು. ಮೊದಲ ಸಲ. ಬಹಳ ಹೊತ್ತು ನೋಡಿದರು.

"ಅದೇನು ಕೆಳಗೆ, ಕುಣೀತಿರೋದು?"

"ನಿಮ್ಮ ಹೃದಯ ಚಿಕ್ಕಮ್ಮ."

"ಹಾಗಾದ್ರೆ ಇದು ಎಡ" ಎಂದರು ಅವರು, ಕೊನೆಗೂ ಸರಿಯುತ್ತರ ಕೊಟ್ಟ ಹುಡುಗಿಗೆ ಕೂತ್ಕೋ ಎನ್ನುವ ದನಿಯಲ್ಲಿ.

ಸರ್ಜನ್ ಹತ್ತಿಗೆ ಸ್ಪಿರಿಟ್ ಹಾಕಿ ಬಲಗಡೆಯ ಬಾಣ ಒರೆಸಿದರು. ಅದು ಪೂರ್ತಿ ಹೋಗಲಿಲ್ಲ. ನೇರಳೆ ತಿಳಿಯಾಗಿ ಹರಡಿತು. ಅದರ ಮೇಲೆ ಅಡ್ಡ ಗೆರೆ ಎಳೆದು, ಎಡಗಡೆ ಹೊಸ ಬಾಣ ಬರೆದರು. ಆಮೇಲೆ ಪುಟ್ಟಿಯ ಕಡೆ ತಿರುಗಿ, "ಮನೆಯವರಿದ್ದಾಗ ಬೇರೆಯವರ ಕೈಲಿ ಮಾಡಿಸ್ಬೇಕು. ಗೊತ್ತಿರ್ಬೇಕಲ್ಲ" ಎಂದರು. ಅಷ್ಟೇ. ಮಂಚದ ಚಕ್ರಗಳು ಉರುಳಿಹೋದವು. ಬಾಗಿಲು ಮುಚ್ಚುವ ಮೊದಲು ಕಾಗದದ ಟೋಪಿ ಒಮ್ಮೆ ಇತ್ತ ತಿರುಗಿತು, ಮುಖ ಕಾಣಲಿಲ್ಲ.

*

ಚಿಕ್ಕಮ್ಮ ಶಿಬಿರದಿಂದ ಮರಳಿದಾಗ ಎಡಗೈಯನ್ನು ಮೈಗೆ ಒತ್ತಿಕೊಂಡು ನಡೆಯುತ್ತಿದ್ದರು. ಮೆಟ್ಟಿಲಲ್ಲಿ ಜಾರಿ ಭುಜ ಉಳುಕಿದೆ ಎಂದರು.

"ತರಬೇತೀಲಿ ಮರ ಹತ್ತಿಸಿದ್ರೇನೇ?" ಎಂದಳು ಅಮ್ಮ. ಆದರೆ ಕೈಚೀಲ ತೆಗೆದುಕೊಂಡು, ಅವರ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಬಾಚಣಿಗೆ ತಂದಳು. ಚಿಕ್ಕಮ್ಮ ಬೇಡ ಎಂದು, ಬಲಗೈಯೊಂದರಿಂದಲೇ ಬಾಚಿಕೊಳ್ಳಲು ನೋಡಿ, ಬೈತಲೆ ಸೊಟ್ಟ ಮಾಡಿಕೊಂಡರು.

ಪುಟ್ಟಿ ಸೆಂಟರಿನಲ್ಲಿ ತಾನೇ ಕೇಳಿ ಕೆಲವು ದಿನ ಸ್ಕ್ಯಾನ್ ಬಿಟ್ಟು ಹೊಸಬಳ ಪಕ್ಕದಲ್ಲಿ ನಿಂತಳು. ಆ ತುಣುಕನ್ನು ದೊಡ್ಡ ಡಾಕ್ಟರು ಅಳಿಸಲು ಬಿಡಲಿಲ್ಲ. ಹೆಸರು ತೆಗೆದು ಇಟ್ಟುಕೊಂಡರು. ಹೊಸದಾಗಿ ಬಂದವರಿಗೆ ಮೊದಲು ಅದನ್ನೇ ತೋರಿಸಿ, "ಏಣಿ ಬಿಡಿ, ಬೇರೆ ಏನು ಕಾಣುತ್ತೆ ಹೇಳಿ" ಎನ್ನುತ್ತಿದ್ದರು. ಪ್ರತಿ ಸಲವೂ ಪುಟ್ಟಿ ಕೋಣೆಯಲ್ಲೇ ಇರಬೇಕಿತ್ತು. ಇರುತ್ತಿದ್ದಳು.

ಆಸ್ಪತ್ರೆಯಿಂದ ಬಂದ ಮೊದಲ ಭಾನುವಾರ ಚಿಕ್ಕಮ್ಮ ತಮ್ಮ ಕೋಣೆಯಿಂದ ಕೂಗಿದರು. ಒಳಗೆ ಹೋದಾಗ ಅವರು ಕಿಟಕಿಯ ಪರದೆ ಎಳೆದು, ಹಾಸಿಗೆಯ ಅಂಚಿನಲ್ಲಿ, ಅಂಗಿಯನ್ನು ಭುಜದಿಂದ ಇಳಿಸಿಕೊಂಡು ಕೂತಿದ್ದರು. ಎಡಗಡೆ ಬ್ಯಾಂಡೇಜು. ಬಲಗಡೆ, ಅಡ್ಡಗೆರೆಯ ಕೆಳಗೆ, ತಪ್ಪು ಬಾಣ.

"ಇದು ಹೋಗ್ತಾನೇ ಇಲ್ಲ ನೋಡು. ಸೋಪು ಹಾಕಿದೆ. ಸೋಮವಾರ ಶಾಲೆ ಇದೆ."

"ಅಂಗಿ ಒಳಗೆ ಯಾರಿಗೆ ಕಾಣುತ್ತೆ ಚಿಕ್ಕಮ್ಮ?"

"ನನಗೆ ಕಾಣುತ್ತೆ."

ಪುಟ್ಟಿ ಎಣ್ಣೆ ತಂದು, ಹತ್ತಿಯಲ್ಲಿ ಅದ್ದಿ, ಮೆಲ್ಲಗೆ ಉಜ್ಜತೊಡಗಿದಳು. ಕೈಗವಸು ಇರಲಿಲ್ಲ, ಪ್ರೋಬ್ ಇರಲಿಲ್ಲ. ಬಾಣದ ಮೊನೆ ತಿಳಿಯಾಯಿತು. ಎಲ್ಲಿ ನೋಡಬೇಕೆಂದು ತಿಳಿಯದೆ ಎಣ್ಣೆಯ ಬಟ್ಟಲನ್ನು ನೋಡಿದಳು.

"ಯಾರಿಗೋಸ್ಕರ ಮಾಡಿಸ್ಕೊಂಡಿರಿ ಅಂತ ಕೇಳೇ ಇಲ್ಲ ನೀನು" ಎಂದರು ಚಿಕ್ಕಮ್ಮ.

"ಕೇಳೋ ಮುಖ ಇಲ್ಲ ನನಗೆ."

"ಯಾರಿಗೂ ಅಲ್ಲ. ನಿನ್ನ ಚಿಕ್ಕಪ್ಪ ಹೋದಮೇಲೆ ಒಂದು ದಿನ ಕನ್ನಡಿ ಮುಂದೆ ನಿಂತಿದ್ದೆ. ಕಡ್ಡಿ ಅಂತ ಅಕ್ಕ ಕೂಗಿದ ಹಾಗಾಯ್ತು. ಅಷ್ಟು ವಯಸ್ಸಾಗಿತ್ತು ನನಗೆ. ಇನ್ನೂ ಅದೇ ಕೇಳಿಸ್ತು." ಅವರು ಬಾಣದ ಕಡೆ ನೋಡಿಕೊಂಡರು. "ನೀನು ನಕ್ಕಾಗಲೂ ಅದೇ ಕೇಳಿಸ್ತು."

ಪುಟ್ಟಿಯ ಕೈ ನಿಂತಿತು. ಕ್ಷಮಿಸಿ ಎನ್ನಬೇಕಿತ್ತು. ಹತ್ತಿಯನ್ನು ಮತ್ತೆ ಎಣ್ಣೆಯಲ್ಲಿ ಅದ್ದಿದಳು.

"ಉಜ್ಜು, ಉಜ್ಜು" ಎಂದರು ಚಿಕ್ಕಮ್ಮ. "ಬಾಲ ಇನ್ನೂ ಇದೆ."

ಹೊರಗೆ ಅಮ್ಮನ ಚಪ್ಪಲಿಯ ಸದ್ದು ಬಂದು ಬಾಗಿಲ ಹತ್ತಿರ ನಿಂತಿತು.

"ಇಬ್ರೂ ಒಳಗೇನು ಗುಸುಗುಸು? ಪರದೆ ಬೇರೆ ಎಳ್ಕೊಂಡಿದೀರಿ. ನನ್ನ ಬಿಟ್ಟು ಏನು ತಿಂತಿದೀರಿ?"

ಪುಟ್ಟಿ ಬೆಚ್ಚಿ, ಹಾಸಿಗೆಯ ಮೇಲಿದ್ದ ಟವೆಲ್ ಎಳೆದು ಚಿಕ್ಕಮ್ಮನ ಮೇಲೆ ಹೊದಿಸಿದಳು. ಎಣ್ಣೆಯ ಕೈಯಲ್ಲೇ, ಅಷ್ಟು ಅವಸರದಲ್ಲಿ. ಚಿಕ್ಕಮ್ಮ ಟವೆಲ್ ಹಿಡಿದುಕೊಂಡರು. ಕಣ್ಣಿನವರೆಗೆ ಎಳೆದುಕೊಳ್ಳುತ್ತಾರೆ ಎಂದು ಪುಟ್ಟಿ ಅಂದುಕೊಂಡಳು. ಅವರ ಕಿವಿ ಆ ಶನಿವಾರದ ಹಾಗೆಯೇ ಕೆಂಪಗಾಗಿತ್ತು, ಕತ್ತಿನವರೆಗೂ. ಆದರೆ ಅವರು ಟವೆಲನ್ನು ಮಡಚಿ, ಶಾಲೆಯ ಕರ್ಚೀಫಿನ ಹಾಗೆ ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲಿಟ್ಟುಕೊಂಡರು.

"ಚಿಲಕ ಹಾಕಿಲ್ಲ ಅಕ್ಕಾ" ಎಂದರು. "ತಳ್ಳು."